ಪಕ್ಕದ ಮನೆ ಅಕ್ಕನ ಆಫ್ರಿಕಾ ರೈಲು

ಹೊಸ ಹುಣಸೆಹಣ್ಣಿನ ಮೂಟೆ ಬಿಚ್ಚಿದಾಗ ಬರುವ ವಾಸನೆ ನಿಮಗೂ ಗೊತ್ತು ಮಕ್ಕಳೇ. ಸ್ವಲ್ಪ ಹುಳಿ, ಸ್ವಲ್ಪ ಬೆಲ್ಲ, ಸ್ವಲ್ಪ ಹಳೆಯ ಗೋಣಿ. ಹೋದ ಬೇಸಿಗೆ ರಜೆಗೆ ನೀವು ಹಿಂದೂಪುರಕ್ಕೆ ಬಂದಿದ್ದಾಗ ನಾನು ಹಜಾರದಲ್ಲಿ ಕುಳಿತು ಹುಣಸೆ ಬೀಜ ತೆಗೆಯುತ್ತಿದ್ದೆ. ನೀವು ಟಿವಿ ಹಾಕಿಕೊಂಡಿದ್ದಿರಿ. ಅದರಲ್ಲಿ ಆಫ್ರಿಕಾದ ಯಾವುದೋ ಹಳೆಯ ರೈಲು. ಊಟದ ಬೋಗಿಯಲ್ಲಿ ಬಿಳಿ ಬಟ್ಟೆ ಹಾಸಿದ ಮೇಜುಗಳು, ಬೆಳ್ಳಿಯ ಚಮಚಗಳು, ಕಿಟಕಿಯ ಆಚೆ ಒಣಹುಲ್ಲಿನ ಬಯಲು. ಮೂಗಿನಲ್ಲಿ ಆ ವಾಸನೆ, ಕಣ್ಣಿನಲ್ಲಿ ಆ ರೈಲು... ನನಗೆ ಅರಿವಿಲ್ಲದೆ ಬಾಯಿಂದ ಮಾತು ಬಂತು.

"ಈಗ ಎಡಗಡೆ ಕಿಟಕೀಲಿ ಬೆಟ್ಟ ಬತ್ತೈತೆ ನೋಡ್ರಿ. ತಲೆ ಬೆಳ್ಳಗೆ. ಕೆಳಗೆ ಏನೂ ಇರಲ್ಲ, ಮೋಡದ ಮ್ಯಾಲೆ ಕೂತಂಗಿರ್ತೈತೆ."

ಬೆಟ್ಟ ಬಂತು. ಹೇಳಿದ ಹಾಗೆಯೇ ಬಂತು.

"ಅಜ್ಜಿ, ನೀನು ಬೆಂಗಳೂರೇ ದಾಟಿಲ್ಲ, ನಿಂಗೆ ಹೆಂಗೆ ಗೊತ್ತಾಯ್ತು?" ಎಂದು ಇಬ್ಬರೂ ನನ್ನ ಮೇಲೆ ಬಿದ್ದಿರಿ. ನಾನು ನಕ್ಕು ಅಡಿಗೆಮನೆಗೆ ಎದ್ದು ಹೋದೆ. ನಾಲ್ಕು ಜನರೆದುರು ಕೂತು ಕಥೆ ಹೇಳುವುದು ನನಗೆ ಯಾವತ್ತೂ ಬಂದಿಲ್ಲ. ಬರೆದರೆ ಯಾರೂ ಮುಖ ನೋಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕಂಬದೂರು ಕಡೆಯ ಹಳ್ಳಿಯಿಂದ ಮದುವೆಯಾಗಿ ಹಿಂದೂಪುರಕ್ಕೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಆಗ ನಮ್ಮ ಮನೆ ರೈಲ್ವೆ ಗೇಟಿನ ಹತ್ತಿರವಿತ್ತು. ನಿಮ್ಮ ತಾತ ಹುಣಸೆ ಮಂಡಿಯಲ್ಲಿ ಕೆಲಸಕ್ಕಿದ್ದರು. ಮಂಡಿಯಿಂದ ಹುಣಸೆಹಣ್ಣು ಬೀದಿಯ ಮನೆಗಳಿಗೆ ಬರುತ್ತಿತ್ತು, ಹೆಂಗಸರು ಕುಟ್ಟಿ, ಬೀಜ ನಾರು ತೆಗೆದು ಕಳಿಸಬೇಕು. ನಮ್ಮ ಜಗಲಿಗೂ ಪಕ್ಕದ ಮನೆಯ ಜಗಲಿಗೂ ನಡುವೆ ಮೊಣಕಾಲೆತ್ತರದ ಒಂದು ಗೋಡೆ. ಈಚೆ ನಾನು ಮತ್ತು ನನ್ನ ಅತ್ತೆ. ಆಚೆ, ನಾನು ಅಕ್ಕ ಎಂದು ಕರೆಯುತ್ತಿದ್ದ ಪಕ್ಕದ ಮನೆಯಾಕೆ.

ಅಕ್ಕ ಎತ್ತರದ ಹೆಂಗಸು, ಸಣಕಲು ಮೈ. ಎರಡು ಕೈ ತುಂಬ ಹಸಿರು ಗಾಜಿನ ಬಳೆ. ದಿನಾ ಸಂಜೆ ಮುಖ ತೊಳೆದು ಹಣೆಗೆ ಹೊಸದಾಗಿ ಕುಂಕುಮ ಇಟ್ಟುಕೊಳ್ಳುತ್ತಿದ್ದರು. ಅವರ ಯಜಮಾನರು ಗುಂತಕಲ್ಲಿನ ಸ್ಟೇಷನ್ ಹೋಟೆಲಿನಲ್ಲಿ ಅಡಿಗೆ ಕಲಿತು, ಬೊಂಬಾಯಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಆಫ್ರಿಕಾ ಸೇರಿ, ದೊಡ್ಡವರು ಓಡಾಡುವ ರೈಲಿನ ಊಟದ ಬೋಗಿಯಲ್ಲಿ ಅಡಿಗೆಯವರಾಗಿದ್ದರು. ಒಮ್ಮೆ ರಜೆಗೆ ಬಂದು, ಮತ್ತೆ ಹೋದರು. ನಾನು ಬರುವ ವೇಳೆಗೆ ಹಾಗೆ ಹೋಗಿ ಕೆಲವು ವರ್ಷಗಳೇ ಆಗಿದ್ದವು.

ನಮ್ಮಲ್ಲಿ ಒಂದು ಪದ್ಧತಿ ಇದೆ, ನೀವೂ ಕಂಡಿದ್ದೀರಿ. ಮನೆಯಿಂದ ಯಾರಾದರೂ ಪ್ರಯಾಣ ಹೊರಟರೆ ಅವರು ಊರು ಸೇರುವ ತನಕ ಅವರು ಎದ್ದು ಹೋದ ಜಾಗಕ್ಕೆ ಪೊರಕೆ ಹಾಕುವುದಿಲ್ಲ. ಹೋದ ಬೆನ್ನಿಗೇ ಗುಡಿಸಿ ತೊಳೆಯುವುದು ಹೆಣ ಎತ್ತಿದ ಮನೆಯಲ್ಲಿ ಮಾತ್ರ. ಬೆಂಗಳೂರಿಗೆ ಹೋದವರಿಗೆ ಸಂಜೆಯ ತನಕ ಕಾದರೆ ಸಾಕು. ಆಫ್ರಿಕಾಕ್ಕೆ ಹೋದವರಿಗೆ? ಮೊದಲ ಸಲ ಸೇರಿದ ಸುದ್ದಿ ಬಂತು, ಅಕ್ಕ ಗುಡಿಸಿ, ಬೀದಿಗೆಲ್ಲ ಬೆಲ್ಲ ಹಂಚಿದರಂತೆ. ಎರಡನೆಯ ಸಲ ಸುದ್ದಿಯೇ ಬರಲಿಲ್ಲ. ಯಜಮಾನರು ಎದ್ದು ಹೋದ ನಡುಕೋಣೆಗೆ ಬೀಗ ಹಾಕಿ, ಅಕ್ಕ ಅಡಿಗೆಮನೆಯಲ್ಲಿ ಮಲಗಿ, ಜಗಲಿಯಲ್ಲಿ ಕೂತು ಕಾದರು. ಬೀದಿಯಲ್ಲಿ ಅರಿಶಿನ ಕುಂಕುಮಕ್ಕೆ ಕರೆಯುವವರು ಅವರ ಬಾಗಿಲಲ್ಲಿ ಒಂದು ಗಳಿಗೆ ತಡೆಯುತ್ತಿದ್ದರು. ಕೊಡಬೇಕೋ ಬೇಡವೋ ಯಾರಿಗೂ ತಿಳಿಯದು.

ಅಕ್ಕ ಆ ರೈಲನ್ನು ಕಣ್ಣಲ್ಲಿ ಕಂಡವರಲ್ಲ. ಯಜಮಾನರು ರಜೆಯಲ್ಲಿ ಹೇಳಿದ್ದು ಅಷ್ಟೇ. ಆದರೆ ಹುಣಸೆ ಕುಟ್ಟುತ್ತಾ ಅವರು ಹೇಳುತ್ತಿದ್ದರೆ ಈಗ ತಾನೇ ಕಿಟಕಿಯಿಂದ ತಲೆ ಒಳಗೆ ಎಳೆದುಕೊಂಡವರ ಹಾಗಿರುತ್ತಿತ್ತು. ಟಿವಿ ಮುಂದೆ ನನ್ನ ಬಾಯಿಂದ ಬಂದ ಬೆಟ್ಟವೂ ಅವರು ಹೇಳಿದ್ದೇ.

"ಈಗ ಮೊಂಬಾಸ ಬಂದರು ಬುಟ್ಟು ಮ್ಯಾಲಕ್ಕೆ ಹತ್ತುತಾ ಐತೆ ಕಣಮ್ಮಿ. ತೆಂಗಿನ ತೋಪು ಮುಗೀತು. ಇನ್ನು ಬಯಲು. ಹಾಸಿಗೆ ಹಾಸಾಕೇ ಒಬ್ಬ ಆಳು ಬತ್ತಾನೆ ಗೊತ್ತಾ? ಗರಿಗರಿ ದುಪ್ಪಟಿ, ಕಂಬಳಿ. ಬೆಳಗಾ ಮುಂಚೆ ಬಿಸಿ ಚಾ. ಆಮೇಲೆ ಆನೆಗೋಳು. ಅಲ್ಲಿ ಮಣ್ಣು ಕೆಂಪು, ಮೈಗೆಲ್ಲ ಎರಚ್ಕೊಂಡು ಆನೆಗೋಳೂ ಕೆಂಪು."

ನನ್ನ ಅತ್ತೆಗೆ ನಗು. "ಕೆಂಪಾನೆಯಂತೆ! ಯಾರೋ ಕುಂಕುಮ ಬಳಿದವ್ರೆ ಬುಡು. ಅಲ್ಲ ಕಣೆ, ಆ ದೊರೆಗೋಳು ಉಂಡ್ಕೊಂಡೇ ಹೋಯ್ತಾರೆ, ಮಲಕ್ಕೊಂಡೇ ಹೋಯ್ತಾರೆ. ಮತ್ತೆ ಇಳಿಯೋದ್ಯಾಕಂತೆ?"

"ಇಳಿಯಾಕೆ ಅಲ್ಲ ದೊಡ್ಡಮ್ಮ ಅವ್ರು ಹತ್ತೋದು. ನೋಡಾಕೆ."

"ನಮ್ಮ ರೈಲಾಗೆ ಇಳಿದ್ರೆ ಸಾಕಪ್ಪ ಅನ್ನಿಸ್ತೈತೆ. ಹತ್ತಿದ ಕೂಡ್ಲೆ ಯಾರ್ದೋ ಕೋಳಿ ಬುಟ್ಟಿ ನನ್ನ ತೊಡೆ ಮ್ಯಾಲೆ!"

ನಾವು ಮೂವರೂ ನಕ್ಕೆವು. ಅಕ್ಕ ನಕ್ಕದ್ದು ನನಗೆ ನೆನಪಿರುವುದು ಕೆಲವೇ ಸಲ.

ಒಂದು ಜಾಗ ಬಂದಾಗ ಮಾತ್ರ ಅವರ ದನಿ ಇಳಿಯುತ್ತಿತ್ತು. ದಾರಿಯಲ್ಲಿ ಒಂದು ಹೊಳೆಯ ಸೇತುವೆ. ಬಹಳ ಹಿಂದೆ ಅದನ್ನು ಕಟ್ಟುವಾಗ ನಮ್ಮ ದೇಶದಿಂದ ಹೋದ ಕೂಲಿಗಳನ್ನು ಸಿಂಹಗಳು ಡೇರೆಯಿಂದಲೇ ಎಳೆದುಕೊಂಡು ಹೋದವಂತೆ. ಸೇತುವೆಯ ಮೇಲೆ ರೈಲು ನಿಧಾನವಾದಾಗ ಅಡಿಗೆ ಬೋಗಿಯ ಕಿಟಕಿಯ ಕೆಳಗೆ ಯಾರೋ ನಮ್ಮ ಕಡೆಯ ಮಾತಿನಲ್ಲಿ ನೀರು ಕೇಳುತ್ತಾರಂತೆ. ಅಕ್ಕನ ಯಜಮಾನರು ಪ್ರತಿ ಸಲವೂ ಒಂದು ಲೋಟ ನೀರನ್ನು ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದರಂತೆ. ಸೇತುವೆ ದಾಟಿದ ಮೇಲೆ ಲೋಟ ಅಲ್ಲೇ ಇರುತ್ತಿತ್ತು. ಚೆಲ್ಲಿದ ಗುರುತು ಇರುತ್ತಿರಲಿಲ್ಲ. ನೀರು ಇರುತ್ತಿರಲಿಲ್ಲ.

ಅದನ್ನು ಕೇಳಿದ ದಿನ ಬಿಸಿಲು ಚೆನ್ನಾಗಿಯೇ ಇತ್ತು. ಆದರೂ ನಾನು ಸೆರಗು ಹೊದ್ದುಕೊಂಡೆ.

ಬೀಗ ಹಾಕಿದ ಕೋಣೆಯೊಳಗೆ ಯಜಮಾನರು ತಂದಿದ್ದ ಊಟದ ಗಂಟೆ ಇತ್ತು. ಗಂಟೆ ಎಂದರೆ ಒಂದು ಚಿಕ್ಕ ಮರದ ಹಲಗೆ, ಅದರ ಮೇಲೆ ನಾಲ್ಕು ಲೋಹದ ಪಟ್ಟಿ. ಕೋಲಿನಿಂದ ಒಂದೊಂದೇ ತಟ್ಟುತ್ತಾ ಬೋಗಿಯಿಂದ ಬೋಗಿಗೆ ಹೋದರೆ, ಊಟ ಸಿದ್ಧವಾಗಿದೆ ಎಂದು ಅರ್ಥ. ನಮ್ಮ ಗೇಟಿನಲ್ಲಿ ಗೂಡ್ಸ್ ಗಾಡಿ ಹೋದಾಗ ಮನೆಗಳು ಅದುರಿ, ಕೋಣೆಯೊಳಗೆ ಆ ಪಟ್ಟಿಗಳು ಸಣ್ಣಗೆ ಗುಂಯ್ಗುಡುತ್ತಿದ್ದವು. ನಮಗದು ರೂಢಿಯಾಗಿತ್ತು. ಒಮ್ಮೆ ಜಡಿಮಳೆಗೆ ಎಲ್ಲೋ ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಗಿ ಎರಡು ದಿನ ಒಂದು ಗಾಡಿಯೂ ಬರಲಿಲ್ಲ. ಎರಡನೆಯ ದಿನದ ಮಧ್ಯಾಹ್ನ, ಗಾಳಿಯೂ ಇಲ್ಲದಾಗ, ಗೋಡೆಯ ಆಚೆಯಿಂದ ನಾಲ್ಕು ಸ್ವರ ಒಂದರ ಹಿಂದೆ ಒಂದು ಕೇಳಿದವು. ಗುಂಯ್ಗುಟ್ಟಿದ್ದಲ್ಲ. ತಟ್ಟಿದ್ದು. ಅತ್ತೆ ಹುಣಸೆ ಕುಟ್ಟುತ್ತಿದ್ದ ಕೊಡತಿಯನ್ನು ಹಾಗೆಯೇ ಎತ್ತಿ ಹಿಡಿದು ನನ್ನ ಮುಖ ನೋಡಿದರು. ಅಕ್ಕ ಮಾತ್ರ ಬೀಜ ತೆಗೆಯುತ್ತಲೇ, "ಊಟದ ಹೊತ್ತಾತೇನೋ" ಅಂದರು.

ಅವರ ಯಜಮಾನರ ಅಣ್ಣ ಕಲ್ಯಾಣದುರ್ಗದಲ್ಲಿದ್ದರು. ಅಕ್ಕನಿಗೆ ಭಾವ ಆಗಬೇಕು. ಕೆಟ್ಟವರಲ್ಲ. ಕಾಣೆಯಾದವನಿಗೆ ಹನ್ನೆರಡು ವರ್ಷ ಕಾದು, ಆಮೇಲೆ ಹುಲ್ಲಿನ ಗೊಂಬೆ ಮಾಡಿ, ಅದಕ್ಕೇ ಕರ್ಮ ಮಾಡಿ ಮುಗಿಸಬೇಕು, ಇಲ್ಲದಿದ್ದರೆ ತಮ್ಮನ ಜೀವ ಅಲೆಯುತ್ತದೆ ಎಂದು ಅವರ ಭಯ. ಹನ್ನೆರಡು ತುಂಬಿದ ಮೇಲೆ ಒಂದು ಬೆಳಗ್ಗೆ ಕರ್ಮ ಮಾಡಿಸುವ ಅಯ್ಯನೋರನ್ನು ಕರೆದುಕೊಂಡು ಬಂದೇಬಿಟ್ಟರು. ಗೊಂಬೆಯನ್ನು ಆ ಕೋಣೆಯಲ್ಲೇ ಮಲಗಿಸಬೇಕು. ಅದಕ್ಕೆ ಮೊದಲು ಕೋಣೆ ಗುಡಿಸಬೇಕು. ಎಲ್ಲ ಮುಗಿದ ಮೇಲೆ ಅಕ್ಕನ ಬಳೆ ಒಡೆಯಬೇಕು.

ಅಕ್ಕ ಕೋಣೆಯ ಬಾಗಿಲಿಗೆ ಅಡ್ಡ ಕೂತರು. "ನನ್ನ ಏನಾರ ಮಾಡ್ಕಳಿ ಭಾವ. ಸೇರಿದ್ರು ಅನ್ನೋ ಸುದ್ದಿ ಬರ್ದೆ ಆ ರೂಮಿಗೆ ಪೊರಕೆ ಹಾಕ್ಬ್ಯಾಡಿ. ನಾನೇ ಕೈಯಾರ ಅವ್ರ್ನ ಸಾಯಿಸ್ದಂಗಾಯ್ತದೆ."

"ಎಂದಾಕಮ್ಮಾ?" ಎಂದರು ಭಾವ. ಎಲ್ಲಿಯ ತನಕ ಎಂದು. ಅವರಿಗೆ ಸಂಕಟವಾದರೆ ತೆಲುಗೇ ಬರುತ್ತಿತ್ತು. "ಎಲ್ಲೀಗಂಟ ಕಾಯ್ತೀಯ ನೀನು? ನನಗೂ ತಮ್ಮ ಅಲ್ವೇನಮ್ಮ ಅವ್ನು?"

ಭಾವ ಅಳುತ್ತಾ ನಿಂತಿದ್ದನ್ನು ನೋಡಿ ಅಕ್ಕ ತಾವೇ ಎದ್ದು ಪಕ್ಕಕ್ಕೆ ಸರಿದರು. ಬೀಗಕ್ಕೆ ತುಕ್ಕು ಹಿಡಿದು ಕೀಲಿ ತಿರುಗಲಿಲ್ಲ. ಭಾವ ಗುಂಡುಕಲ್ಲಿನಿಂದ ಒಡೆದರು. ಗುಡಿಸಲೆಂದು ನನ್ನ ಅತ್ತೆ ಪೊರಕೆ ಹಿಡಿದು, ನಾನು ನೀರಿನ ಬಕೆಟ್ ಹಿಡಿದು ಹಿಂದೆ ನಿಂತಿದ್ದೆವು.

ಬಾಗಿಲು ತೆರೆದಾಗ ಒದ್ದೆ ಮಣ್ಣಿನ ವಾಸನೆ ಬಂತು.

ಆ ಮಣ್ಣಿನ ನೆಲ ನೀರು ಚಿಮುಕಿಸಿ ಗುಡಿಸಿದ ಹಾಗಿತ್ತು. ಪೊರಕೆಯ ಗೀರುಗಳು ಒಂದರ ಪಕ್ಕ ಒಂದು, ಇನ್ನೂ ಆರದೆ. ಮಂಚದ ಮೇಲೆ, ಗೂಡಿನ ಮೇಲೆ, ಆ ಊಟದ ಗಂಟೆಯ ಮೇಲೆ ಬೆರಳು ಹೂತುಹೋಗುವಷ್ಟು ಧೂಳು. ಕಿಟಕಿಯ ಚಿಲಕಕ್ಕೆ ಜೇಡ ಬಲೆ ಕಟ್ಟಿತ್ತು. ನೆಲ ಮಾತ್ರ...

ಭಾವ ಹೊಸ್ತಿಲು ದಾಟದೆ ಕೈ ಮುಗಿದರು. ಅಯ್ಯನೋರು ಹುಲ್ಲಿನ ಗೊಂಬೆಯನ್ನು ಚೀಲಕ್ಕೆ ತುರುಕಿ, "ನನ್ನಿಂದ ಆಗೋದಲ್ಲ ಇದು, ಬತ್ತೀನಿ" ಎಂದು ತಿರುಗಿ ನೋಡದೆ ನಡೆದರು. ಅಕ್ಕ ಮಾತ್ರ ಆ ನೆಲವನ್ನು ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿದರು.

"ಸೇರ್ಕಂಡವ್ರೆ ಕಣಮ್ಮಿ."

ಆಮೇಲೆ ಬೀದಿಯಲ್ಲಿ ಏನೇನೋ ಮಾತು. ಅವಳೇ ಹೇಗೋ ನುಗ್ಗಿ ಗುಡಿಸಿರಬೇಕು ಎಂದವರೂ ಉಂಟು. ನನ್ನ ಅತ್ತೆ, "ಗುಡಿಸಿದ ಧೂಳು ಎಲ್ಲೇ ಹೋಯ್ತು ಹಂಗಾದ್ರೆ?" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದರು. ಕರ್ಮ ನಡೆಯಲಿಲ್ಲ, ಬಳೆಯೂ ಒಡೆಯಲಿಲ್ಲ. ಆದರೆ ಒಂಟಿ ಹೆಂಗಸು ಅಂಥ ಮನೆಯಲ್ಲಿರುವುದು ಬೇಡವೆಂದು ಭಾವ ಅಕ್ಕನನ್ನು ಕಲ್ಯಾಣದುರ್ಗಕ್ಕೆ ಕರೆದುಕೊಂಡು ಹೋದರು.

ತವರಿಗೆ ಹೋಗುವಾಗ ನಾನು ಕಲ್ಯಾಣದುರ್ಗದಲ್ಲಿ ಬಸ್ ಇಳಿದು ಅವರನ್ನು ನೋಡಿ ಹೋಗುತ್ತಿದ್ದೆ. ರೈಲಿನ ಮಾತನ್ನು ಅವರು ಬಿಟ್ಟೇಬಿಟ್ಟಿದ್ದರು. ಒಮ್ಮೆ ನಾನೇ ಕೇಳಿದೆ, "ಈಗ ಎಲ್ಲೈತೆ ಅಕ್ಕ ರೈಲು?"

"ಎಲ್ಲೂ ಹೋಗಿಲ್ಲ. ನಿಂತೈತೆ," ಎಂದು ನಕ್ಕರು. "ನಾನು ಹತ್ತೋದೇ ಬಾಕಿ."

ತೊಂಬತ್ತರ ದಶಕದಲ್ಲಿ ಅವರು ಹಾಸಿಗೆ ಹಿಡಿದರು. ನಾನು ತವರಿನಲ್ಲಿದ್ದಾಗಲೇ ಅವರು ಹೋದ ಸುದ್ದಿ ಬಂದು, ಮೊದಲ ಬಸ್ಸಿಗೆ ಕಲ್ಯಾಣದುರ್ಗಕ್ಕೆ ಓಡಿದೆ. ಅಂಗಳದಲ್ಲಿ ಹೆಂಗಸರು ಮೈ ತೊಳೆಯಲು ಕೂರಿಸಿದ್ದರು. ನಾನೂ ಕೈ ಹಾಕಿದೆ. ತಲೆಗೆ ಹೊಯ್ದ ಮೊದಲ ಚೊಂಬಿನ ನೀರು ಕಪ್ಪಗೆ ಹರಿಯಿತು. ಮತ್ತೆ ಹೊಯ್ದೆವು. ಮತ್ತೂ ಕಪ್ಪು.

"ಒಲೆ ಮಸಿ ಇರ್ಬೇಕು," ಎಂದಳು ಒಬ್ಬಳು.

"ಎದ್ದು ಕುಂತೇ ತಿಂಗಳುಗಟ್ಟಲೆ ಆಯ್ತು, ಒಲೆ ಹತ್ರ ಯಾವಾಗ ಹೋದ್ರು?" ಎಂದಳು ಭಾವನ ಸೊಸೆ. ದಿನಾ ತಲೆ ಒರೆಸಿ ಬಾಚುತ್ತಿದ್ದವಳು ಅವಳೇ.

ನಾನು ಕೂದಲೊಳಗೆ ಬೆರಳಾಡಿಸಿದೆ. ಬುಡದಲ್ಲಿ ಸಣ್ಣ ಸಣ್ಣ ಹರಳು ಸಿಕ್ಕವು. ಕಲ್ಲಿದ್ದಲು. ನಾನು ಚಿಕ್ಕವಳಾಗಿದ್ದಾಗ ಹೊಗೆ ರೈಲಿನಲ್ಲಿ ದೂರದಿಂದ ಬಂದ ನೆಂಟರ ತಲೆ ತೊಳೆದರೆ ಹೀಗೇ ಉದುರುತ್ತಿತ್ತು. ಕಿಟಕಿಯ ಪಕ್ಕ ಕೂತು ಬಂದವರಿಗೆ ಇನ್ನೂ ಹೆಚ್ಚು. ಕಲ್ಯಾಣದುರ್ಗಕ್ಕೆ ಆಗ ಯಾವ ರೈಲೂ ಇರಲಿಲ್ಲ ಮಕ್ಕಳೇ. ಹಳಿಯೇ ಇರಲಿಲ್ಲ.

ನಾನು ಅದನ್ನು ಯಾರಿಗೂ ತೋರಿಸಲಿಲ್ಲ. ಅಷ್ಟರಲ್ಲಿ ಮುದುಕಿಯರಲ್ಲಿ ಮಾತು ಎದ್ದಿತ್ತು. ಅರಿಶಿನ ಹಚ್ಚಿ, ಬಳೆ ಹೂವಿನ ಜೊತೆ ಮುತ್ತೈದೆಯ ಹಾಗೆ ಕಳಿಸುವುದೋ, ಬರೀ ಬಿಳಿ ಸೀರೆ ಹೊದಿಸುವುದೋ? ಜಗಲಿಯ ಮೇಲೆ ಕೂತಿದ್ದ ಭಾವನನ್ನು ಕೇಳಿದರು. ಅವರು ಬಹಳ ಮುದುಕರಾಗಿದ್ದರು. "ನಾಕೇಮೀ ತೆಲೀದಮ್ಮಾ," ತನಗೇನೂ ತಿಳಿಯದೆಂದು ಕೈಯಾಡಿಸಿ ಮುಖ ತಿರುಗಿಸಿಕೊಂಡರು. ಒಬ್ಬಾಕೆ ಆಗಲೇ ಅಕ್ಕನ ಬಳೆಗೆ ಕೈ ಹಾಕಿದ್ದಳು.

ನನಗೆ ನನ್ನ ದನಿಯೇ ಬೇರೆಯವರದ್ದು ಅನ್ನಿಸಿತು. "ಬಳೆ ಮುಟ್ಬ್ಯಾಡಿ. ಅವ್ರು ಮುತ್ತೈದೆ. ಯಜಮಾನ್ರ ಹತ್ರ ಹೋಗಿ ಸೇರವ್ರೆ. ಅರಿಶಿನ ತನ್ನಿ."

ಯಾರು ನೀನು ಎಂದು ಯಾರೂ ಕೇಳಲಿಲ್ಲ. ಅರಿಶಿನ ಬಂತು. ಕೆನ್ನೆಗೆ, ಅಂಗಾಲಿಗೆ ನಾನೇ ಹಚ್ಚಿದೆ. ಹಣೆಗೆ ಕುಂಕುಮವನ್ನೂ ನಾನೇ ಇಟ್ಟೆ. ಆಗ ನನ್ನ ಹಣೆಯಲ್ಲೂ ಇತ್ತು.

ನಿಮ್ಮ ತಾತ ಹೋದಾಗ ಯಾವ ಅನುಮಾನವೂ ಇರಲಿಲ್ಲ, ಕಣ್ಣೆದುರೇ ಹೋದರು. ಆ ದಿನಗಳಲ್ಲಿ ಅಕ್ಕ ಪಕ್ಕದಲ್ಲಿ ಇರಬೇಕಿತ್ತು ಎಂದು ಎಷ್ಟೋ ಸಲ ಅನ್ನಿಸಿತು.

ಅಕ್ಕನನ್ನು ಭಾವನ ಹೊಲದ ಅಂಚಿನಲ್ಲಿ ಮಣ್ಣು ಮಾಡಿದ್ದರು. ನಿಮಗೆ ಇದನ್ನು ಬರೆಯಲು ಶುರು ಮಾಡಿದ ಮೇಲೆ ಅಲ್ಲಿಗೊಮ್ಮೆ ಹೋಗಿ ಬಂದೆ. ಭಾವ ಇಲ್ಲ, ಹೊಲವೂ ಅವರದ್ದಲ್ಲ. ಈಗ ಕಲ್ಯಾಣದುರ್ಗಕ್ಕೂ ಹಳಿ ಬಂದಿದೆ, ಆ ಅಂಚಿನ ಮೇಲೆಯೇ ಹೋಗಿದೆ. ಅವರನ್ನು ಹೂತ ಗುಡ್ಡೆ ಎಲ್ಲಿತ್ತೆಂದು ಹೇಳಲು ಒಬ್ಬರೂ ಸಿಗಲಿಲ್ಲ. ಜಲ್ಲಿ ಹತ್ತಿ, ಬಗ್ಗಿ, ಹಳಿಯ ಮೇಲೆ ಅಂಗೈ ಇಟ್ಟೆ. ಸಣ್ಣಗೆ ನಡುಗುತ್ತಿತ್ತು. ರೈಲು ಬರುತ್ತದೆಂದು ಪಕ್ಕಕ್ಕೆ ಸರಿದು ನಿಂತು ಕಾದೆ, ಕಾಲು ಸೋಲುವ ತನಕ... ಎರಡೂ ಕಡೆ ಬಯಲು, ಬಿಸಿಲು. ರೈಲು ಬರಲಿಲ್ಲ. ಹೆದರಿಕೆಯಾಗಲಿಲ್ಲ. ಅಕ್ಕ ಹತ್ತಿದ ರೈಲು ಈಗ ಎಲ್ಲಿದೆ ಎಂದು ಕೇಳೋಣವೆಂದರೆ, ಅದನ್ನು ಹೇಳಬಲ್ಲವರು ಅವರೊಬ್ಬರೇ ಇದ್ದರು.