ಅಸಲು ಊರಿನ ಕಾಲಂ

2024ರಲ್ಲಿ ಜಯನಗರ ನಾಲ್ಕನೇ ಬ್ಲಾಕಿನ ನನ್ನ ಆಫೀಸಿನ ಬೋರ್ಡು ಇನ್ನೂ ಇಳಿದಿರಲಿಲ್ಲ. ಆದರೆ ನಾನು ಕೋರ್ಟಿಗೆ ಹೋಗುವುದನ್ನು ನಿಲ್ಲಿಸಿ ವರ್ಷವಾಗಿತ್ತು. ಮೂವತ್ತನಾಲ್ಕು ವರ್ಷ ಬಾಡಿಗೆ ತಕರಾರು, ವಿಚ್ಛೇದನ, ಪಾಲುಪಟ್ಟಿಯ ದಾವೆಗಳನ್ನು ನಡೆಸಿದ ವಕೀಲೆ ನಾನು. ಸುಮ್ಮನೆ ಕೂರಲು ಬರದ ಕಾರಣ, ನಿರಾಶ್ರಿತರಿಗೆ ಕಾಗದಪತ್ರ ಸಿದ್ಧಪಡಿಸಿಕೊಡುವ ಒಂದು ಸಣ್ಣ ಗುಂಪಿನ ಜೊತೆ ಸೇರಿಕೊಂಡಿದ್ದೆ. ವಾರಕ್ಕೆ ಮೂರು ಮಧ್ಯಾಹ್ನ ಇಟ್ಟಮಡುವಿನ ಮನೆಯಿಂದ ಆಫೀಸಿಗೆ ಬಂದು ಕೂರುತ್ತಿದ್ದೆ.

ಈ ಕೆಲಸದ ಸ್ವರೂಪವನ್ನು ಮೊದಲೇ ಹೇಳಿಬಿಡುತ್ತೇನೆ. ನಿರಾಶ್ರಿತರಿಗೆಂದೇ ನಮ್ಮ ದೇಶದಲ್ಲಿ ಪ್ರತ್ಯೇಕ ಕಾನೂನಿಲ್ಲ. ತಮ್ಮ ದೇಶಕ್ಕೆ ಹಿಂದಿರುಗಿದರೆ ಜೀವಕ್ಕೆ ಅಪಾಯವಿದೆ ಎನ್ನುವವರು ದೆಹಲಿಯಲ್ಲಿರುವ ಅಂತರರಾಷ್ಟ್ರೀಯ ಸಂಸ್ಥೆಯೊಂದಕ್ಕೆ ಅರ್ಜಿ ಹಾಕುತ್ತಾರೆ. ಅದರ ಜೊತೆಗೆ ತಮ್ಮ ಬದುಕಿನ ಕಥೆಯನ್ನು ಬರೆದು ಸಹಿ ಮಾಡಿದ ಸ್ಟೇಟ್‌ಮೆಂಟ್ ಇರಬೇಕು. ಆಮೇಲೆ ಇಂಟರ್‌ವ್ಯೂ. ಬರೆದದ್ದಕ್ಕೂ ಬಾಯಲ್ಲಿ ಹೇಳಿದ್ದಕ್ಕೂ ತಾಳೆಯಾಗುತ್ತದೆಯೇ ಎಂದು ಅಧಿಕಾರಿ ನೋಡುತ್ತಾರೆ. ಅದಕ್ಕೆ ಕ್ರೆಡಿಬಿಲಿಟಿ ಎನ್ನುತ್ತಾರೆ, ಅಂದರೆ ಮಾತಿನ ನಂಬಲರ್ಹತೆ. ಬಹುಪಾಲು ಅರ್ಜಿಗಳು ಬೀಳುವುದು ಅಲ್ಲೇ.

ಆ ವರ್ಷದ ಜೂನ್‌ನಲ್ಲಿ ಇಬ್ಬರು ಹೆಂಗಸರು ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಒಬ್ಬಳು ಮೂವತ್ತೊಂದು ವರ್ಷದ ರೀಮ್. ಹೆಸರು ಬದಲಿಸಿದ್ದೇನೆ. ಗಾಜಾದವಳು. ಇಲ್ಲಿನ ಖಾಸಗಿ ಕಾಲೇಜೊಂದರಲ್ಲಿ ಔಷಧ ವಿಜ್ಞಾನದಲ್ಲಿ ಪಿಎಚ್.ಡಿ. ಮುಗಿಸುವ ಹಂತದಲ್ಲಿದ್ದಳು. ಇನ್ನೊಬ್ಬಳು ಗಂಗವ್ವ. ಬಾಗಲಕೋಟೆ ಕಡೆಯವಳು, ಕಂಪನಿಯೊಂದರಲ್ಲಿ ಹೌಸ್‌ಕೀಪಿಂಗ್ ಕೆಲಸ. ಬಿಟಿಎಂ ಲೇಔಟಿನ ಒಂದೇ ಮಹಡಿಯಲ್ಲಿ ಎದುರುಬದುರು ಬಾಡಿಗೆ ಮನೆ ಅವರದು. ರೀಮ್‌ಗೆ ಊಟ ಸೇರುತ್ತಿಲ್ಲವೆಂದು ಗಂಗವ್ವನೇ ಅವಳ ಬಾಗಿಲು ತಟ್ಟಿ ರೊಟ್ಟಿ ಕೊಟ್ಟಿದ್ದಳಂತೆ. ಅಲ್ಲಿಂದ ಸ್ನೇಹ.

ರೀಮ್‌ಳ ಸ್ಥಿತಿ ಹೀಗಿತ್ತು: ಯುದ್ಧ ಶುರುವಾದ ಮೊದಲ ತಿಂಗಳುಗಳಲ್ಲೇ ಅವಳ ಮನೆ ನೆಲಸಮವಾಗಿತ್ತು. ಅಪ್ಪ ಅದರಡಿಯಲ್ಲೇ ಹೋದರು. ಅಮ್ಮ ತೀರಿಕೊಂಡು ಬಹಳ ವರ್ಷವಾಗಿತ್ತು. ಉಳಿದವಳು ತಂಗಿ ಹನಾ ಒಬ್ಬಳೇ. ಅವಳು ಟೆಂಟಿನಲ್ಲಿದ್ದಳು. ರೀಮ್‌ಳ ವಿದ್ಯಾರ್ಥಿ ವೀಸಾ ನವೆಂಬರ್ ಕೊನೆಗೆ ಮುಗಿಯುತ್ತಿತ್ತು. ವಾಪಸ್ ಹೋಗೋಣವೆಂದರೆ ಗಡಿಯೇ ಮುಚ್ಚಿತ್ತು.

ನಾವು ನಾಲ್ಕು ದಿನ ಕೂತು ಸ್ಟೇಟ್‌ಮೆಂಟ್ ಬರೆದೆವು. ಮಾತು ಇಂಗ್ಲಿಷಿನಲ್ಲಿ. ಹನ್ನೊಂದು ಪುಟವಾಯಿತು. ಅರ್ಜಿಯಲ್ಲಿ ಹುಟ್ಟಿದ ಸ್ಥಳಕ್ಕೊಂದು ಕಾಲಂ, ಮೂಲ ಸ್ಥಳಕ್ಕೊಂದು ಕಾಲಂ ಇತ್ತು. ಎರಡನೆಯದಕ್ಕೆ ಬಂದಾಗ ರೀಮ್ ನಾನು ಕೇಳಿರದ ಒಂದು ಹಳ್ಳಿಯ ಹೆಸರು ಹೇಳಿದಳು.

"ಅಲ್ಲಿ ಎಷ್ಟು ವರ್ಷ ಇದ್ರಿ?" ಎಂದೆ.

"ನಾನು ಅದನ್ನ ನೋಡೇ ಇಲ್ಲ ಮೇಡಂ. ನಮ್ಮ ತಾತನ ಊರು. ಈಗ ಇಲ್ಲ."

"ನೋಡಿಲ್ಲ ಅಂದ್ಮೇಲೆ ಯಾಕೆ ಬೇಕು? ಸುಮ್ನೆ ಗೊಂದಲ ಆಗತ್ತೆ. ಎರಡೂ ಕಡೆ ಗಾಜಾ ಅಂತ ಹಾಕೋಣ."

ಅವಳು ಪೆನ್ನಿನ ತುದಿಯನ್ನು ಆ ಕಾಲಂ ಮೇಲೆ ಇಟ್ಟು ಮತ್ತೆ ಎತ್ತಿದಳು. "ನಿಮಗೆ ಗೊತ್ತಿರುತ್ತೆ" ಎಂದು ಸಹಿ ಮಾಡಿದಳು. ನನಗೆ ಗೊತ್ತಿರಲಿಲ್ಲ. ಆದರೆ ಅಷ್ಟು ವರ್ಷ ವಕೀಲಿ ಮಾಡಿದವರಿಗೆ ಗೊತ್ತಿಲ್ಲ ಎಂಬುದೇ ಗೊತ್ತಾಗುವುದಿಲ್ಲ.

ಆಗಸ್ಟ್‌ನಲ್ಲಿ ನನ್ನ ಆಫೀಸಿನಿಂದಲೇ ವಿಡಿಯೋ ಮೂಲಕ ಇಂಟರ್‌ವ್ಯೂ ನಡೆಯಿತು. ದೆಹಲಿಯ ಅಧಿಕಾರಿ ಮೆಲುದನಿಯ ಮಹಿಳೆ. ಒಂದೂವರೆ ಗಂಟೆ ಎಲ್ಲ ಸರಿಯಾಗಿತ್ತು. ಕೊನೆಗೆ ಅವರು ಮಾಮೂಲಿನಂತೆ ನೀವು ಎಲ್ಲಿಯವರು ಎಂದು ಕೇಳಿದರು. ರೀಮ್ ಗಾಜಾ ಎನ್ನಲಿಲ್ಲ, ಆ ಹಳ್ಳಿಯ ಹೆಸರು ಹೇಳಿದಳು. ಯಾವಾಗ ಬಿಟ್ಟಿರಿ ಎಂದಾಗ, "ನಾವು ಅದನ್ನ 1948ರಲ್ಲಿ ಬಿಟ್ವಿ" ಎಂದಳು. ಮೂವತ್ತೊಂದು ವರ್ಷದ ಹುಡುಗಿ! ಅಧಿಕಾರಿ ತಲೆ ತಗ್ಗಿಸಿ ಏನನ್ನೋ ಬರೆದುಕೊಂಡರು. ನಾನು ಅವಳ ಪ್ರತಿನಿಧಿಯಾಗಿ ಪಕ್ಕದಲ್ಲೇ ಕೂತಿದ್ದೆ. ಪ್ರತಿನಿಧಿ ಮಧ್ಯೆ ಬಾಯಿ ಹಾಕುವಂತಿಲ್ಲ.

ನಾಲ್ಕು ವಾರದ ನಂತರ ಪತ್ರ ಬಂತು. ಅರ್ಜಿದಾರರು ಈ ಮೊದಲು ವಾಸವಿದ್ದ ಸ್ಥಳದ ಬಗ್ಗೆ ಕೊಟ್ಟ ಹೇಳಿಕೆಗಳು ಪರಸ್ಪರ ಹೊಂದುತ್ತಿಲ್ಲ, ಮೂವತ್ತು ದಿನದೊಳಗೆ ವಿವರಣೆ ಕೊಡಬೇಕು ಎಂದಿತ್ತು. ಯಾವ ಊರಿಗೆ ಹಿಂದಿರುಗಿದರೆ ಅಪಾಯ ಎನ್ನುವುದೇ ಇಂಥ ಅರ್ಜಿಯ ಬುಡ. ಆ ಬುಡವೇ ಅಲ್ಲಾಡಿತ್ತು.

ಇಬ್ಬರನ್ನೂ ಕರೆಸಿದೆ. ಸಿಟ್ಟಿನಲ್ಲಿ ಇಂಗ್ಲಿಷಿನ ನಡುವೆ ಕನ್ನಡವೂ ಬಂತು. "ಬರೆದಿದ್ದೇ ಒಂದು, ಹೇಳಿದ್ದೇ ಇನ್ನೊಂದು. ಹುಟ್ಟೋಕೆ ಮುಂಚೆ ಊರು ಬಿಟ್ಟೆ ಅಂದ್ರೆ ಯಾರಮ್ಮಾ ನಂಬ್ತಾರೆ?" ಎಂದೆ. ರೀಮ್ ತಲೆ ಎತ್ತಲಿಲ್ಲ. ಉತ್ತರ ಬಂದದ್ದು ಗಂಗವ್ವನಿಂದ.

"ಆಕಿಗೆ ಬೈಬ್ಯಾಡ್ರಿ ಮೇಡಂ. ನಮ್ಮೂರು ಡ್ಯಾಮಿನ ನೀರಾಗ ಮುಳುಗೇತ್ರಿ. ನನ್ನ ಮಗಳು ಆಮ್ಯಾಲ ಪುನರ್ವಸತಿ ಕೇಂದ್ರದಾಗ ಹುಟ್ಟಿದಾಕಿ. ಆದ್ರೂ ಯಾವೂರವ್ವಾ ಅಂದ್ರ ಮುಳುಗಿದ ಊರಿನ ಹೆಸರ ಹೇಳ್ತಾಳ. 'ನಮ್ಮನ್ನ ಎಬ್ಬಿಸಿದ್ರು' ಅಂತಾಳ. ಆಕಿನ್ನ ಯಾರು ಎಬ್ಬಿಸ್ಯಾರ್ರಿ? ಹಂಗಂತ ಆಕಿ ಸುಳ್ಳು ಹೇಳಿದಂಗಾತೇನು?"

ಅದನ್ನೇ ಗಂಗವ್ವ ಅವರಿಬ್ಬರೂ ಆಡಿಕೊಳ್ಳುವ ಮುರುಕು ಹಿಂದಿಯಲ್ಲಿ ರೀಮ್‌ಗೆ ಹೇಳಿದಳು. ರೀಮ್ ಮೊದಲ ಬಾರಿ ನನ್ನತ್ತ ನೇರವಾಗಿ ನೋಡಿದಳು. "ಇದೇ ಮೇಡಂ. ನಾವು ಅರಬ್ಬಿಯಲ್ಲಿ ಇದಕ್ಕೆ ಅಸ್ಲ್ ಅಂತೀವಿ, ಬೇರು ಅಂತ."

"ಅಸಲ!" ಎಂದಳು ಗಂಗವ್ವ. "ನಾವೂ ಅದ ಅಂತೇವಲ್ರಿ. ಅಸಲ ಊರು."

ನಾನು ಎದ್ದು ಹೋಗಿ ಕಿಟಕಿ ತೆರೆದೆ. ಹೊರಗೆ ಎಂದಿನ ಟ್ರಾಫಿಕ್ ಗದ್ದಲ. ಅರ್ಜಿಯಲ್ಲಿ ಎರಡು ಕಾಲಂ ಇದ್ದದ್ದು ಎರಡು ಬೇರೆ ಬೇರೆ ಪ್ರಶ್ನೆಗಳಾಗಿದ್ದಕ್ಕೆ. ರೀಮ್ ಎರಡನೆಯದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದಳು. ಅದನ್ನು ಹೊಡೆದುಹಾಕಿದವಳು ನಾನು.

ಆಮೇಲೆ ಕೂತು ಓದಿಕೊಂಡೆ. 1948ರ ಯುದ್ಧದಲ್ಲಿ ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ಊರು ಬಿಟ್ಟರು. ಕೆಲವರನ್ನು ಓಡಿಸಿದ್ದು, ಕೆಲವರು ಹೆದರಿ ಓಡಿದ್ದು. ಅವರಲ್ಲಿ ಒಂದು ದೊಡ್ಡ ಪಾಲು ಗಾಜಾದ ಶಿಬಿರಗಳಿಗೆ ಬಂದು ಅಲ್ಲೇ ಉಳಿಯಿತು. ನಂತರದ ವರ್ಷಗಳಲ್ಲಿ ಇರಾಕ್, ಈಜಿಪ್ಟ್, ಯೆಮೆನ್‌ಗಳಲ್ಲಿ ತಲೆಮಾರುಗಳಿಂದ ಬಾಳಿದ್ದ ಯಹೂದಿಗಳೂ ಲಕ್ಷಗಟ್ಟಲೆ ಮನೆಮಠ ಬಿಟ್ಟು ಹೊರಟರು. ಬಾಗ್ದಾದಿನ ಬೀದಿಯೊಂದನ್ನು ಇವತ್ತಿಗೂ ನಮ್ಮ ಬೀದಿ ಎನ್ನುವ ಇಸ್ರೇಲಿ ಮೊಮ್ಮಕ್ಕಳಿದ್ದಾರಂತೆ. ಯಾರ ಹಕ್ಕು ಎಷ್ಟು, ಯಾರು ಎಲ್ಲಿಗೆ ಮರಳಬೇಕು ಎಂಬ ವಾದ ಇಷ್ಟು ವರ್ಷವಾದರೂ ಬಗೆಹರಿದಿಲ್ಲ. ಅದನ್ನು ತೀರ್ಮಾನಿಸುವುದು ನನ್ನ ಕೆಲಸವಾಗಿರಲಿಲ್ಲ. ಗಂಗವ್ವನ ಊರಿಗೂ ರೀಮ್‌ಳ ಊರಿಗೂ ಹೋಲಿಕೆ ಒಂದು ಹಂತದವರೆಗೆ ಮಾತ್ರ ಎಂಬುದೂ ನನಗೆ ಗೊತ್ತು. ಗಂಗವ್ವನಿಗೆ ಊರು ಹೋದರೂ ದೇಶ ಉಳಿದಿತ್ತು, ವೋಟಿತ್ತು. ರೀಮ್‌ಗೆ ಅದಾವುದೂ ಇರಲಿಲ್ಲ.

ವಿವರಣೆಗೆ ಬರೀ ಮಾತು ಸಾಲದು, ದಾಖಲೆ ಬೇಕಿತ್ತು. ಊರು ಬಿಟ್ಟ ಕುಟುಂಬಗಳಿಗೆ ಅಂತರರಾಷ್ಟ್ರೀಯ ಪರಿಹಾರ ಸಂಸ್ಥೆಯೊಂದು ಕೊಡುವ ನೋಂದಣಿ ಕಾರ್ಡಿನಲ್ಲಿ 1948ರಲ್ಲಿದ್ದ ಊರಿನ ಹೆಸರೂ ಇರುತ್ತದೆ ಎಂದು ಓದಿದ್ದೆ. ನಿಮ್ಮ ಮನೆಯಲ್ಲಿ ಅಂಥದ್ದೊಂದಿತ್ತೇ ಎಂದು ಕೇಳಿದೆ.

"ಇತ್ತು. ಹನಾ ಹತ್ರ ಇರಬಹುದು" ಎಂದಳು ರೀಮ್. ಆಮೇಲೆ ಮೆಲ್ಲಗೆ, "ಅವಳು ಟೆಂಟಲ್ಲಿದಾಳೆ ಮೇಡಂ. ನೀರು ಸಿಕ್ತಾ ಅಂತ ಕೇಳೋ ಟೈಮಲ್ಲಿ ಕಾರ್ಡ್ ಹುಡುಕು ಅಂತ ಹೇಗೆ ಕೇಳಲಿ?"

ಕೇಳಲೇಬೇಕು ಎಂದಷ್ಟೇ ಹೇಳಿದೆ. ಅವಳು ಮೆಸೇಜ್ ಕಳಿಸಿದಳು. ಹದಿನೇಳು ದಿನ ಅದು ಅತ್ತಲಿನ ಫೋನಿಗೆ ತಲುಪಲೇ ಇಲ್ಲ. ಆ ದಿನಗಳಲ್ಲಿ ರೀಮ್ ಕಾರ್ಡಿನ ಸುದ್ದಿ ಎತ್ತಲಿಲ್ಲ. ಮೆಸೇಜಿನ ಪಕ್ಕದ ಒಂಟಿ ಟಿಕ್ ಮಾರ್ಕು ಎರಡಾಯಿತೇ ಎಂದು ಮಾತ್ರ ನೋಡುತ್ತಿದ್ದಳು, ಎರಡಾದರೆ ಅದು ತಂಗಿ ಬದುಕಿರುವ ಗುರುತು. ಹದಿನೆಂಟನೆಯ ದಿನ ಕಾರ್ಡಿನ ಫೋಟೋ ಬಂತು. ಮೊಣಕಾಲಿನ ಮೇಲಿಟ್ಟು ತೆಗೆದದ್ದು, ಒಂದು ಮೂಲೆ ನೀರು ಕುಡಿದು ಉಬ್ಬಿತ್ತು. ಊರಿನ ಹೆಸರು ಸ್ಪಷ್ಟವಾಗಿತ್ತು. ಕೆಳಗೆ ಹನಾ ಒಂದು ಸಾಲು ಬರೆದಿದ್ದಳು. ರೀಮ್ ಅದನ್ನು ಓದಿ ಹೇಳಿದಳು: ಅಮ್ಮ ಎಲ್ಲಿಟ್ಟಿದ್ದಳೋ ಅಲ್ಲೇ ಇತ್ತು, ಟಿನ್ನಿನ ಡಬ್ಬಿಯಲ್ಲಿ, ಮನೆ ಬಿಡುವಾಗ ನಾನು ತೆಗೆದುಕೊಂಡದ್ದು ಅದೊಂದೇ.

ಗಡುವಿಗೆ ಎರಡು ದಿನ ಮೊದಲು ಕಾರ್ಡಿನ ಪ್ರತಿಯೊಂದಿಗೆ ವಿವರಣೆ ಕಳಿಸಿದೆ. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಮೊದಲ ಸ್ಟೇಟ್‌ಮೆಂಟಿನಲ್ಲಿ ಹಳ್ಳಿಯ ಹೆಸರು ಬಿಟ್ಟುಹೋದದ್ದಕ್ಕೆ "ಬರೆಯುವಾಗ ಆದ ಲೋಪ" ಎಂದಷ್ಟೇ ಬರೆದೆ. ಯಾರ ಲೋಪ ಎಂದು ಬರೆಯಲಿಲ್ಲ. ಮೂವತ್ತನಾಲ್ಕು ವರ್ಷದ ಹೆಸರು ಅಡ್ಡ ಬಂತು.

ಅಕ್ಟೋಬರ್‌ನಲ್ಲಿ ಎರಡನೆಯ ಇಂಟರ್‌ವ್ಯೂ, ಅದೇ ಅಧಿಕಾರಿ. ಅವರು ನೇರವಾಗಿ ಅಲ್ಲಿಗೇ ಬಂದರು. "ಮೊದಲ ಹೇಳಿಕೆಯಲ್ಲಿ ಈ ಊರು ಯಾಕಿರಲಿಲ್ಲ?"

ರೀಮ್ ಒಮ್ಮೆ ನನ್ನ ಕಡೆ ನೋಡಿದಳು. "ನಾನೇ ಸರಿಯಾಗಿ ಹೇಳಿರಲಿಲ್ಲ" ಎಂದಳು.

ನನ್ನನ್ನು ಉಳಿಸಲು ಹೇಳಿದ ಮಾತು. ಇಡೀ ಅರ್ಜಿಯಲ್ಲಿ ಅವಳು ಆಡಿದ ಒಂದೇ ಒಂದು ಸುಳ್ಳು ಅದು, ಮತ್ತು ನನಗೋಸ್ಕರ. ನಿಯಮವಿದ್ದರೂ ಸುಮ್ಮನಿರಲಾಗಲಿಲ್ಲ. ಕೈ ಎತ್ತಿ ಅನುಮತಿ ಕೇಳಿದೆ. "ಅವರು ಹೇಳಿದ್ದರು. ಮುಖ್ಯವಲ್ಲ ಎಂದುಕೊಂಡು ನಾನು ತೆಗೆದೆ. ಅವರು ಹಿಂಜರಿದರು, ನಾನು ಒತ್ತಾಯಿಸಿ ಸಹಿ ಹಾಕಿಸಿದೆ. ತಪ್ಪು ನನ್ನದು" ಎಂದೆ. ಅಧಿಕಾರಿ ಹಾಗೇ ದಾಖಲಿಸಿಕೊಳ್ಳುತ್ತೇನೆ ಎಂದರು. ನಂತರ ರೀಮ್‌ಳನ್ನು ಕೇಳಿದರು: "ಆ ಊರಿನ ಬಗ್ಗೆ ನಿಮಗೇನು ಗೊತ್ತು?"

ರೀಮ್ ಇಪ್ಪತ್ತು ನಿಮಿಷ ಮಾತಾಡಿದಳು. ಬಾವಿ ಯಾವ ದಿಕ್ಕಿಗಿತ್ತು, ಯಾರ ಮನೆಯ ಗೋಡೆಗೆ ಯಾರ ಮನೆ ಅಂಟಿತ್ತು, ತಾತನಿಗೆ ಯಾವ ಮರದ ಅಂಜೂರ ಇಷ್ಟ. ಕಣ್ಣಾರೆ ಕಾಣದ ಊರನ್ನು ಓಣಿ ಓಣಿಯಾಗಿ ತೋರಿಸಿದಳು. ಗಾಜಾದಿಂದ ಅದು ಮೂವತ್ತು ಕಿಲೋಮೀಟರ್ ದೂರವಂತೆ. ನಮ್ಮ ಜಯನಗರದಿಂದ ಬಿಡದಿಗೆ ಹೋದಷ್ಟು.

ವೀಸಾ ಮುಗಿಯಲು ಒಂಬತ್ತು ದಿನವಿದ್ದಾಗ ಅರ್ಜಿ ಮಂಜೂರಾದ ಪತ್ರ ಬಂತು. ರೀಮ್ ಅದನ್ನು ಮೂರು ಸಲ ಓದಿದಳು. ಗಂಗವ್ವ ನನ್ನ ಆಫೀಸಿನಲ್ಲೇ ಜೋರಾಗಿ ಅತ್ತಳು. ರೀಮ್ ಅಳಲಿಲ್ಲ. ಪತ್ರವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಕೇಳಿದಳು: "ಮೇಡಂ, ಹನಾಗೂ ಇದೇ ಥರ ಒಂದು ಮಾಡಿಸಕ್ಕೆ ಆಗತ್ತಾ?"

ಆಗುವುದಿಲ್ಲ. ಅರ್ಜಿ ಹಾಕಬೇಕಾದರೆ ಮೊದಲು ಇಲ್ಲಿಗೆ ಬಂದು ತಲುಪಬೇಕು, ಮತ್ತು ಹನಾ ಎಲ್ಲಿಗೂ ಹೊರಡುವಂತಿರಲಿಲ್ಲ. "ನೋಡೋಣ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಕ್ಷಿದಾರರಿಗೆ ಜೀವನವಿಡೀ ಹೇಳಿದ ಮಾತು ಅದು. ಆ ದಿನ ನುಂಗಿಕೊಂಡೆ. "ಈಗ ಆಗಲ್ಲ ರೀಮ್" ಎಂದೆ. ಅವಳು ತಲೆಯಾಡಿಸಿದಳು. "ನಿಜ ಹೇಳಿದ್ರಲ್ಲ, ಸಾಕು" ಎಂದಳು.

ಈಗ ನಾನು ಪೂರ್ತಿ ನಿವೃತ್ತಳು. ಹೊಸದಾಗಿ ಈ ಕೆಲಸಕ್ಕೆ ಬರುವ ವಕೀಲರು ಏನಾದರೂ ಹೇಳಿಕೊಡಿ ಎಂದು ಕೇಳುತ್ತಾರೆ. ಕಾನೂನನ್ನು ಪುಸ್ತಕದಲ್ಲಿ ಓದಿಕೊಳ್ಳಬಹುದು. ನಾನು ಹೇಳುವುದು ಇಷ್ಟೇ: ಎಲ್ಲವನ್ನೂ ಕಳೆದುಕೊಂಡು ನಿಮ್ಮೆದುರು ಕೂತವರ ಬಳಿ ಉಳಿದಿರುವುದು ಅವರ ಮಾತು ಒಂದೇ. ನಿಮಗೆ ಅರ್ಥವಾಗದಿದ್ದರೆ ಇನ್ನೊಂದು ಪ್ರಶ್ನೆ ಕೇಳಿ. ಅರ್ಥವಾಗಲಿಲ್ಲವೆಂದು ಅದನ್ನು ತಿದ್ದಬೇಡಿ.