ಇಪ್ಪತ್ತೆಂಟು ಹಲ್ಲಿನ ಗೇರು

ದೊಡ್ಡ ಗೇರು ಆ ಹಳೇ ಸೈಕಲ್ಲಿಗೆ ಧಾರಾಳವಾಗಿ ಕೂರುತ್ತದೆ ಎಂದು ಅಂಗಡಿಯವನು ಬರೆದಿದ್ದ. ಕೂರುವುದಿಲ್ಲವಂತೆ ಎಂದು ನಾನು ಓದಿ ಹೇಳಿದೆ. ಕಣ್ಣು ತಪ್ಪಿ ಅಲ್ಲ, ಇಂಗ್ಲಿಷ್ ಅರ್ಥವಾಗದೆ ಅಲ್ಲ — ಬೇಕೆಂದೇ. ಏಳು ವರ್ಷವಾಯಿತು. ನೆನೆದರೆ ಈಗಲೂ ಬಾಯಿಗೆ ಹಳಸಿದ ಸಾರಿನ ರುಚಿ ಬರುತ್ತದೆ.

ಸುಳ್ಳು ಹೇಳಿದ್ದು ಗಾಯತ್ರಿಗೆ, ನನ್ನ ಓರಗಿತ್ತಿಗೆ. ಗೌರಿಬಿದನೂರಿನವಳು, ಕಾಲೇಜಿನಲ್ಲಿ ರೇಸ್ ಸೈಕಲ್ ತುಳಿದವಳು. ಚಿಂತಾಮಣಿಯ ನಮ್ಮ ಮನೆಗೆ ಸೊಸೆಯಾಗಿ ಬಂದು ಕೆಲವು ವರ್ಷಕ್ಕೆ ಆ ಸೈಕಲ್ಲನ್ನೂ ತರಿಸಿಕೊಂಡಳು — ಬಾಗಿದ ಹ್ಯಾಂಡಲ್, ತೆಳ್ಳನೆ ಟಯರು, ಬಣ್ಣ ಎದ್ದ ಹಳೇ ಗಾಡಿ. ಬೆಳಿಗ್ಗೆ ತುಳಿದು ಬಂದು ನಡುಮನೆಯ ಗೋಡೆಗೆ ಒರಗಿಸುವಳು. ಬಾಗಿಲ ಚೌಕಟ್ಟಿನ ಮೇಲೆ ಗ್ರೀಸಿನ ಬೆರಳು. ನಾನು ಕಸೂತಿ ಹಾಕಿದ ಟೇಬಲ್ ಬಟ್ಟೆಯ ಅಂಚಿನಲ್ಲಿ ಕಪ್ಪು ಕಲೆ. ಬೆವರಿಗೆ ನೆಂದ ಅಂಗಿ ಬಚ್ಚಲಿನ ಗೂಟದಲ್ಲಿ... ನನಗೆ ಹೇಸಿಗೆಯಾಗುತ್ತಿತ್ತು. ಕಾನ್ವೆಂಟಿನ ಸಿಸ್ಟರ್‌ಗಳು ನನ್ನನ್ನು ಕುರ್ಚಿ ಎಳೆದರೂ ಸದ್ದಾಗದ ಹಾಗೆ ಬೆಳೆಸಿದ್ದರು. ಅವಳೋ ಗಟಗಟ ನೀರು ಕುಡಿದು, ತೋಳಿನಿಂದ ಬಾಯಿ ಒರೆಸಿಕೊಂಡು, "ಅಕ್ಕ, ನೀವೂ ಒಂದು ರೌಂಡ್ ಬನ್ನಿ, ಸೆರಗು ನಾನು ಹಿಡ್ಕೋತೀನಿ" ಅನ್ನುವಳು. ಎಲ್ಲರೂ ನಗುವರು. ನಾನೂ ನಗುತ್ತಿದ್ದೆ.

ಅತ್ತೆಗಂತೂ ಸೈಕಲ್ ಕಂಡರಾಗದು. ಊರಿನ ಸೈಕಲ್ ಗುಂಪಿನವರು ಒಂದು ಭಾನುವಾರ ಅಂಬಾಜಿದುರ್ಗದ ಏರು ಹತ್ತುತ್ತಾರೆ, ಗಾಯತ್ರಿಯೂ ಹೋಗುತ್ತಾಳೆ ಎಂದಾಗ ಅತ್ತೆ ಒಂದು ಷರತ್ತು ಹಾಕಿದರು.

"ಕಾಲು ನೆಲಕ್ಕೂರದೆ ಮೇಲಕ್ಕೆ ಹತ್ತಿಬಿಡಮ್ಮ, ಆಮೇಲೆ ನಾನು ತುಟಿಪಿಟಕ್ ಅನ್ನಲ್ಲ. ನಡುವೆ ಇಳಿದ್ಯೋ, ಗುಜರಿಗೆ ಹಾಕ್ತೀನಿ."

"ಗುಜರಿಯವನಿಗೆ ಬರಬೇಡ ಅಂತ ಈಗ್ಲೇ ಹೇಳ್ಬಿಡಿ ಅತ್ತೆ" ಅಂದಳು ಗಾಯತ್ರಿ.

ಹಿಂದಿನ ಚಕ್ರದ ಗೇರುಗಳ ಹಲ್ಲು ಸವೆದು ಹೋಗಿದ್ದವು. ಹೊಸ ಫ್ರೀವೀಲ್, ಅಂದರೆ ಆ ಗೇರುಗಳ ಗೊಂಚಲೇ, ಬೇಕಿತ್ತು. ಹಳೆಯದರಲ್ಲಿ ಎಲ್ಲಕ್ಕಿಂತ ದೊಡ್ಡ ಗೇರಿಗೆ ಇಪ್ಪತ್ತೊಂದು ಹಲ್ಲು. ಇನ್ನೂ ದೊಡ್ಡದಾದರೆ ಏರು ಹಗುರ, ಅಷ್ಟು ಅವಳಿಗೆ ಗೊತ್ತು. ಆದರೆ ಅಷ್ಟು ಹಳೇ ಸೈಕಲ್ಲಿಗೆ ಯಾವುದು ಕೂರುತ್ತದೆ — ಅದನ್ನೆಲ್ಲ ಕಾಲೇಜಿನಲ್ಲಿ ಮೇಷ್ಟ್ರು ನೋಡಿಕೊಳ್ಳುತ್ತಿದ್ದರು. ಈಗ ಬೆಂಗಳೂರಿನ ಅಂಗಡಿಯವನನ್ನು ಕೇಳಬೇಕು, ಅವನು ಬರೆಯುವುದು ಇಂಗ್ಲಿಷಿನಲ್ಲಿ, ಅವಳು ಓದಿದ್ದು ಕನ್ನಡ ಮೀಡಿಯಂ. ನಮ್ಮ ಮನೆಯಲ್ಲಿ ಇಂಗ್ಲಿಷಿನದೆಲ್ಲ ನನ್ನ ಕೈಗೇ ಬರುವುದು: ಬ್ಯಾಂಕಿನ ಕಾಗದ, ಮಾತ್ರೆಯ ಚೀಟಿ, ಮಿಕ್ಸಿಯ ಗ್ಯಾರಂಟಿ. ನಾನು ಓದಿ ಹೇಳಿದ ಮೇಲೆ ಯಾರೂ ಇನ್ನೊಮ್ಮೆ ನೋಡುವುದಿಲ್ಲ. ಆ ಮನೆಯಲ್ಲಿ ನನಗಿದ್ದ ಮರ್ಯಾದೆ ಅದೊಂದೇ.

ನಾನು ಕೇಳಿದ್ದಕ್ಕೆ ಅಂಗಡಿಯವನು ನನ್ನ ಫೋನಿಗೆ ವಿವರವಾಗಿ ಬರೆದಿದ್ದ. ಪೆಡಲಿನ ಹತ್ತಿರದ ಚಿಕ್ಕ ಗೇರಿಗೆ ನಲವತ್ತೆರಡು ಹಲ್ಲು. ಹಿಂದೆ ಇಪ್ಪತ್ತೊಂದಾದರೆ ಪೆಡಲ್ ಒಂದು ಸುತ್ತಿಗೆ ಚಕ್ರ ಎರಡು ಸುತ್ತು ತಿರುಗಬೇಕು. ಬಯಲಿಗೆ ಸರಿ, ಬೆಟ್ಟಕ್ಕೆ ಎಂಥವರ ಕಾಲೂ ಸೋಲುತ್ತದೆ. ಇಪ್ಪತ್ತೆಂಟಾದರೆ ಒಂದೂವರೆ ಸುತ್ತು ಸಾಕು. ಈ ಸೈಕಲ್ಲಿಗೆ ಅದು ಕೂರುತ್ತದೆ, ಅದನ್ನೇ ಹಾಕಿಸಿ. ಅವರೆಕಾಯಿ ಸುಲಿಯುತ್ತಾ ಎರಡು ಸಲ ಓದಿದೆ. ಚೆನ್ನಾಗಿ ಅರ್ಥವಾಯಿತು.

"ಏನಂತೆ ಅಕ್ಕ?"

"ದೊಡ್ಡದು ಕೂರಲ್ವಂತೆ ಕಣೇ. ಚೈನ್ ಕಿತ್ತು ಹೋಗುತ್ತಂತೆ. ಇಪ್ಪತ್ತೊಂದೇ ಹಾಕ್ಸಿ ಅಂತಾನೆ."

"ಹೌದಾ... ಹೋಗ್ಲಿ ಬಿಡಿ, ಒಂದು ಮುದ್ದೆ ಜಾಸ್ತಿ ತಿಂದ್ರಾಯ್ತು."

ಇಪ್ಪತ್ತೊಂದನ್ನು ನಾನೇ ತರಿಸಿಕೊಟ್ಟೆ.

ಭಾನುವಾರ ನಾವು ಕಾರಿನಲ್ಲಿ ಹಿಂದೆಯೇ ಹೋದೆವು. ಅರ್ಧ ಏರಿನಲ್ಲಿ ಅವಳು ಪೆಡಲಿನ ಮೇಲೆ ಎದ್ದು ನಿಂತಳು. ಮೀನಖಂಡ ಅದುರುವುದು ನನಗೆ ಕಾಣುತ್ತಿತ್ತು. ಒಂದೊಂದು ಸುತ್ತಿಗೂ ಇಡೀ ಮೈ ತಿರುಚಿಕೊಳ್ಳುತ್ತಿತ್ತು. ಈಗ ಇಳಿಯುತ್ತಾಳೆ, ಈಗ — ಎಂದು ನಾನು ಕಾಯುತ್ತಿದ್ದೆ. ಹೌದು, ಕಾಯುತ್ತಿದ್ದೆ. ಇಳಿದಳು. ರಸ್ತೆಯ ಬದಿಗೆ ಕೂತು ವಾಂತಿ ಮಾಡಿಕೊಂಡಳು.

"ಚಾಲ್ಲೇಮ್ಮ, ಸಾಕು" ಅಂದರು ಅತ್ತೆ, ತೆಲುಗು ಬೆರೆಸಿ, ಮೆತ್ತಗೆ.

ನಾನು ಅವಳ ಹಣೆ ಹಿಡಿದುಕೊಂಡಿದ್ದೆ. ಅವಳು ನನ್ನನ್ನೇ ನೋಡಿ ಹೇಳಿದಳು: "ಕಾಲಲ್ಲಿ ಏನೂ ಉಳಿದಿಲ್ಲ ಅಕ್ಕ. ಮುಗೀತು ನಂದು."

ಆಗ ಹೇಳಬಹುದಿತ್ತು. ಒಂದೇ ಮಾತು... "ಇರ್ಲಿ ಬಿಡೇ, ಎಲ್ರಿಗೂ ಎಲ್ಲಾ ಆಗಲ್ಲ" ಅಂದೆ, ತಲೆ ಸವರಿ. ಸುಳ್ಳಿಗಿಂತ ಹೆಚ್ಚು ಅಸಹ್ಯ ನನಗೆ ಆ ನನ್ನ ಮೆದು ದನಿ.

ಅದೇ ವಾರ ಸೈಕಲ್ ಗುಜರಿಗೆ ಹೋಯಿತು. ಬಾಗಿಲ ಚೌಕಟ್ಟನ್ನು ಸೋಪು ಹಾಕಿ ಉಜ್ಜಿದೆ. ಐದು ನಿಮಿಷದಲ್ಲಿ ಗ್ರೀಸು ಬಿಟ್ಟುಕೊಂಡಿತು. ಐದೇ ನಿಮಿಷ. ಹಾಗಾದರೆ ನನಗೆ ಆಗದೇ ಇದ್ದದ್ದು ಗ್ರೀಸಲ್ಲ. ತನಗೇನು ಬೇಕೋ ಅದನ್ನು ಅತ್ತೆಯ ಎದುರು ಬಾಯಿ ಬಿಟ್ಟು ಕೇಳಿದಳಲ್ಲ, ಅದು ಅವಳಿಗೆ ಸಿಕ್ಕೇಬಿಡುತ್ತಿತ್ತಲ್ಲ — ಅದು. ಹೆಸರು ಹೇಳಬೇಕೆಂದರೆ ಹೊಟ್ಟೆಕಿಚ್ಚು. ಇಷ್ಟು ಸಣ್ಣ, ಇಷ್ಟು ಕೊಳಕು.

ಅವಳು ಮತ್ತೆ ಸೈಕಲ್ ಮುಟ್ಟಲಿಲ್ಲ. ಅದಕ್ಕೆ ನಾನು ಒಗ್ಗಿಕೊಂಡಿದ್ದೆ. ಒಗ್ಗಿಕೊಂಡೆ ಎನ್ನುವುದೂ ನಾಚಿಕೆಯೇ. ಆದರೆ ನಿನ್ನೆ ಅವಳ ಮಗಳು ಶಾಲೆಯಿಂದ ಬಂದು, ಓಟದ ಪಂದ್ಯಕ್ಕೆ ಹೆಸರು ಕೊಡಲಾ ಅಂತ ಕೇಳಿದಳು. ಗಾಯತ್ರಿ ಬಟ್ಟೆ ಮಡಚುತ್ತಾ, "ಬೇಡ ಕಣಮ್ಮ, ನಮ್ಮ ವಂಶದ ಕಾಲಲ್ಲಿ ಆ ಶಕ್ತಿ ಇಲ್ಲ" ಅಂದಳು. ಮಗು ಹೂಂ ಅಂತ ತಲೆಯಾಡಿಸಿತು. ನಂಬಿಬಿಟ್ಟಿತು.

ಇವತ್ತು ರಜೆ, ಮಧ್ಯಾಹ್ನ ಅತ್ತೆಯೂ ಸೇರಿ ಎಲ್ಲರೂ ಊಟಕ್ಕೆ ಕೂರುತ್ತಾರೆ. ಅಲ್ಲೇ ಹೇಳುತ್ತೇನೆ. ಗಾಯತ್ರಿ ಎಲೆ ಬಿಟ್ಟು ಎದ್ದು ಹೋಗಬಹುದು, ಇನ್ನು ಮುಂದೆ ನನ್ನನ್ನು ಅಕ್ಕ ಎನ್ನದಿರಬಹುದು. ಮೊದಲು ಆ ಮಗುವಿಗೇ ಹೇಳಬೇಕು — ನಿಮ್ಮಮ್ಮನ ಕಾಲು ಸೋತಿರಲಿಲ್ಲ ಪುಟ್ಟಿ, ದೊಡ್ಡಮ್ಮ ಸೋಲಿಸಿದ್ದು.