ತಿಪ್ಪಣ್ಣ ಮಾವ ಮತ್ತು ತೊಗಲಿನ ಕ್ಲಚ್ಚು

ತಿಪ್ಪಣ್ಣ ಮಾವನ ಬಲಗೈ ಹೆಬ್ಬೆರಳೂ ತೋರುಬೆರಳೂ ಯಾವಾಗಲೂ ಮಿರಮಿರ ಮಿಂಚುತ್ತಿದ್ದವು. ಊಟಕ್ಕೆ ಮುಂಚೆ ಸೀಗೆಪುಡಿ ಹಾಕಿ ತಿಕ್ಕಿದರೂ ಆ ಜಿಡ್ಡು ಹೋಗುತ್ತಿರಲಿಲ್ಲ. ಹರಳೆಣ್ಣೆ ತುಂಬಿದ ಬಿದಿರಿನ ಗೊಟ್ಟವೊಂದನ್ನು ಟೊಂಕಕ್ಕೆ ಕಟ್ಟಿಕೊಂಡೇ ಅವನು ಕಂಪ್ಲಿಯ ಓಣಿಗಳಲ್ಲಿ ತಿರುಗುತ್ತಿದ್ದ. ಯಾರ ಮನೆಯ ಬಾಗಿಲು ಕಿರುಗುಟ್ಟಿದರೂ ನಿಂತು, ಎಣ್ಣೆ ಬಿಟ್ಟು, ತೆರೆದು ಮುಚ್ಚಿ ನೋಡಿಯೇ ಮುಂದಕ್ಕೆ ಹೋಗುವುದು. ಬಂಡಿಯ ಅಚ್ಚು, ಎತ್ತಿನ ಕೋಡು, ನೇಗಿಲ ಮಿಣಿ, ನನ್ನ ಮಂಡಿ, ಅವನ ಹೆಂಡತಿ ಗಂಗತ್ತೆಯ ಬೀಸುಕಲ್ಲಿನ ಗೂಟ, ಒಂದನ್ನೂ ಬಿಟ್ಟವನಲ್ಲ. ಒಮ್ಮೆ ನನ್ನ ಹೊಸ ಬೂಟಿಗೂ ಹಚ್ಚಿದ. ಅದರ ಮೇಲೆ ಕೂತ ಧೂಳು ಇವತ್ತಿಗೂ ಬಿಟ್ಟಿಲ್ಲ.

ಅವನು ನನ್ನ ತಾಯಿಯ ತಮ್ಮ. ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ಹೀಗಾಗಿ ನಮ್ಮ ನಡುವೆ ರೀ, ಬರ್ರಿ ಎನ್ನುವ ಮರ್ಯಾದೆಯ ಮಾತೇನೂ ಇರಲಿಲ್ಲ.

ಈ ಎಣ್ಣೆಯ ಹುಚ್ಚಿಗೆ ಒಂದು ಕಾರಣವಿತ್ತು. ಹರೆಯದಲ್ಲಿ ಅವನು ಬಾವಿಯಿಂದ ಕಪಿಲೆ ಹೊಡೆದು ಎಲೆಬಳ್ಳಿ ತೋಟಕ್ಕೆ ನೀರುಣಿಸುತ್ತಿದ್ದ. ನೀರೆತ್ತಲು ಎತ್ತುಗಳು ಎಳೆಯುವ ಕಪಿಲೆಯ ತೊಗಲಿನ ಚೀಲಕ್ಕೆ ಆಗಾಗ ಎಣ್ಣೆ ತಿಕ್ಕಬೇಕು. ಒಂದು ಬೇಸಿಗೆ ಸಂಡೂರಿಗೆ ಮದುವೆಗೆಂದು ಹೋದವನು ನೆಂಟರ ಉಪಚಾರಕ್ಕೆ ಸೋತು ಅಲ್ಲೇ ಉಳಿದ. ಮರಳಿ ಬರುವಷ್ಟರಲ್ಲಿ ಚೀಲ ಒಣಗಿ ಸೀಳಿಹೋಗಿತ್ತು. ಬೇರೆ ಚೀಲ ಸಿಗುವ ಹೊತ್ತಿಗೆ ಬಳ್ಳಿಗಳು ಕಪ್ಪಾಗಿದ್ದವು. ಅಂದಿನಿಂದ ಒಣಗಿದ ಯಾವುದನ್ನು ಕಂಡರೂ ಅವನ ಜೀವ ಚಡಪಡಿಸುತ್ತಿತ್ತು. "ಒಣಗಿಸಬ್ಯಾಡ್ರೋ, ಒಣಗಿಸಬ್ಯಾಡ್ರೋ" ಎನ್ನುವುದು ಅವನ ಉಸಿರಿನಂತೆ ಆಗಿಹೋಗಿತ್ತು.

ಇಂಥವನು ಟ್ರ್ಯಾಕ್ಟರು ಕೊಂಡ. ಯುದ್ಧದ ವರ್ಷಗಳು ಅವು. ಹೊಸಪೇಟೆಯಲ್ಲಿ ಬಿಡಾರ ಕಿತ್ತುಕೊಂಡು ಹೊರಟಿದ್ದ ಗುತ್ತಿಗೆದಾರನೊಬ್ಬ ತನ್ನ ಹಳೆಯ, ಕಬ್ಬಿಣದ ಗಾಲಿಯ, ಸೀಮೆಎಣ್ಣೆ ಕುಡಿಯುವ ಟ್ರ್ಯಾಕ್ಟರನ್ನು ಮಾರುತ್ತಿದ್ದ. ಕಾಲುವೆಯ ಆಚೆ ದಂಡೆಗೆ ಮಾವನ ಮೇಲ್ಹೊಲವಿತ್ತು. ಅಜ್ಜನ ಕಾಲದಿಂದ ಕರಿಕೆ ಹುಲ್ಲು ಹೆಣೆದುಕೊಂಡು ಬಿದ್ದ ಭೂಮಿ, ಎತ್ತಿನ ನೇಗಿಲಿಗೆ ಬಗ್ಗದ್ದು. ಅದನ್ನು ಉತ್ತು ಕಬ್ಬು ಹಾಕಬೇಕು ಎನ್ನುವುದು ಅವನ ಜೀವಮಾನದ ಆಸೆ. ಟ್ರ್ಯಾಕ್ಟರಿಗೆ ಕರಿಯ ಎಂದು ಹೆಸರಿಟ್ಟು, ಮೂತಿಗೆ ಕುಂಕುಮ ಹಚ್ಚಿ, ಊರಿನ ಮುಂದೆಲ್ಲ ಹೇಳಿಕೊಂಡು ಬಂದ. "ಈ ಸಲ ಮೇಲ್ಹೊಲ ಉತ್ತೇ ತೀರತೀನಿ, ನೋಡ್ತಿರ್ರಿ!"

ಹೊಲಕ್ಕೆ ದಾರಿ ಒಂದೇ. ಆ ಭಾರದ ಯಂತ್ರವನ್ನು ತಡೆಯುವ ಸೇತುವೆ ಎಲ್ಲೂ ಇರಲಿಲ್ಲ. ಹಂಪಿಯ ರಾಯರ ಕಾಲದ ಕಾಲುವೆ. ಬೇಸಿಗೆಯಲ್ಲಿ ಹೂಳೆತ್ತಲು ಅದನ್ನು ಸ್ವಲ್ಪ ದಿನ ಬಂದ್ ಮಾಡುತ್ತಾರೆ. ಆಗ ಒಣ ಕಾಲುವೆಗೆ ಇಳಿದು ಆಚೆ ಹತ್ತಬೇಕು, ಉತ್ತು ಮುಗಿಸಿ ನೀರು ಬಿಡುವುದರೊಳಗೆ ಈಚೆ ಬರಬೇಕು. ತಪ್ಪಿದರೆ ಮತ್ತೆ ಮುಂದಿನ ಬೇಸಿಗೆಯೇ.

ಕರಿಯನ ಕ್ಲಚ್ಚು ಸವೆದಿತ್ತು. ಹೊಸಪೇಟೆಯ ಬಸ್ ಶೆಡ್ಡಿನಲ್ಲಿ ರಿಪೇರಿ ಮಾಡಿಕೊಂಡಿದ್ದ ನನಗೆ ಕರೆ ಬಂತು. ಆ ಕ್ಲಚ್ಚು ಹಳೆಯ ಬಗೆಯದು. ಬುಟ್ಟಿಯಂಥ ಕಬ್ಬಿಣಕ್ಕೆ ಸುತ್ತಲೂ ತೊಗಲು ಬಡಿದಿರುತ್ತದೆ. ಅದು ಎಂಜಿನ್ನಿನ ಚಕ್ರದೊಳಗೆ ಕೂತು ಗಟ್ಟಿಯಾಗಿ ಹಿಡಿದರೆ ಗಾಡಿ ಓಡುತ್ತದೆ. ತೊಗಲು ನುಣುಪಾದರೆ, ಇಲ್ಲವೇ ಎಣ್ಣೆ ಮೆತ್ತಿದರೆ, ಜಾರುತ್ತದೆ. ಎಂಜಿನ್ನು ಅರಚುತ್ತದೆ, ಗಾಲಿ ಕದಲುವುದಿಲ್ಲ. ಯುದ್ಧದಿಂದಾಗಿ ಮದ್ರಾಸಿನಿಂದ ಸಾಮಾನು ಬರುತ್ತಿರಲಿಲ್ಲ. ಚಪ್ಪಲಿ ಹೊಲಿಯುವ ದುರುಗಪ್ಪನಿಂದ ಕೋಣದ ತೊಗಲು ಕೊಯ್ಯಿಸಿ, ನೆನೆಸಿ, ಎಳೆದು, ತಾಮ್ರದ ಮೊಳೆ ಬಡಿದು, ಮೈ ಕೈಯೆಲ್ಲ ತರಚಿಕೊಂಡು ಕೂಡಿಸಿದೆ. ಅಂಗಳದಲ್ಲಿ ಕರಿಯ ಚಿಗರೆಯಂತೆ ನೆಗೆದ. ಖುಷಿಯಾಗಿ ಊಟಕ್ಕೆ ಹೋದೆ.

ಸಂಜೆ ಕಾಲುವೆಗೆ ಇಳಿದ ಕರಿಯ ಆಚೆಯ ಏರಿ ಹತ್ತುವಾಗ ಅರಚತೊಡಗಿದ. ಗಾಲಿ ನಿಂತಲ್ಲೇ ನಿಂತವು. ಕ್ಲಚ್ಚಿನ ಮುಚ್ಚಳ ತೆಗೆದರೆ ಒಳಗಿಂದ ಹರಳೆಣ್ಣೆ ತೊಟ್ಟಿಕ್ಕುತ್ತಿತ್ತು.

"ಮಾವ, ಯಾರು ಹಾಕಿದ್ದು ಇದನ್ನ?"

"ನಾನೇ ಕುಡಿಸೀನಿ. ಪಾಪ, ತೊಗಲು ಭಾಳ ಒಣಗಿತ್ತಲೋ ಅಳಿಯಾ."

"ಅದು ಕಪಿಲಿ ಚೀಲ ಅಲ್ಲ ಮಾವ! ಒಣಗಿದ್ರನ ಹಿಡೀತೈತಿ ಅದು!"

"ತೊಗಲು ಅಂದಮ್ಯಾಲ ತೊಗಲ ಅಲ್ಲೇನು?" ಎಂದು ಮುಗ್ಧನಾಗಿ ನನ್ನನ್ನೇ ಕೇಳಿದ.

ಬೂದಿ ಉದುರಿಸಿ ಎಣ್ಣೆ ಹೀರಿಸಿದೆ, ತೊಗಲು ಕಿತ್ತು ತಿರುಗಿಸಿ ಬಡಿದೆ, ಏನೂ ನಡೆಯಲಿಲ್ಲ. ಅಷ್ಟರಲ್ಲಿ ನೀರು ಬಿಡುವ ಡಂಗುರ ಆಯಿತು. ಬಾಡಿಗೆ ಎತ್ತುಗಳನ್ನು ಕಟ್ಟಿ ಕರಿಯನನ್ನು ಹಿಮ್ಮುಖವಾಗಿ ಕಾಲುವೆಯಿಂದ ಎಳೆಸಿದೆವು. ಏರಿಯ ಮೇಲೆ ಊರಿಗೆ ಊರೇ ಕೂತು ನೋಡಿತು. "ತಿಪ್ಪಣ್ಣ, ನಿಮ್ಮ ಕರಿಯಗ ಹಿಂಡಿ ಹಾಕಿದ್ರೇನ್ರಿ?" ಎಂದು ಒಬ್ಬ ಕೂಗಿದ. ಮಾವನೂ ಎಲ್ಲರ ಜೊತೆ ನಕ್ಕ. ಆದರೆ ಮನೆಗೆ ಬಂದು ಊಟ ಮಾಡಲಿಲ್ಲ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಗಿತ್ತು.

ಮರುವರ್ಷ ಹುಷಾರಾದೆ. ಹೊಸ ತೊಗಲು ಹಾಕಿ, ಎಣ್ಣೆಯ ಗೊಟ್ಟ ಕಿತ್ತುಕೊಂಡು ಅಟ್ಟದ ಮೇಲೆ ಇಟ್ಟೆ. ಕೊಟ್ಟಿಗೆಗೆ ಬೀಗ ಜಡಿದು ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಸ್ನಾನಕ್ಕೆ ಹೋದಾಗ ಕೀಲಿ ಬಿಚ್ಚಿ ಗೂಟಕ್ಕೆ ನೇತುಹಾಕಿದ್ದೊಂದೇ ತಪ್ಪಾಯಿತು. ಕಾಲುವೆಯಲ್ಲಿ ಮತ್ತೆ ಅದೇ ಅರಚಾಟ. ಮುಚ್ಚಳ ತೆಗೆದರೆ ಈ ಸಲ ಘಮಘಮ ವಾಸನೆ. ಗಂಗತ್ತೆ ತಲೆಗೆ ಹಚ್ಚಿಕೊಳ್ಳಲು ಮೆಂತ್ಯ ಹಾಕಿ ಕಾಯಿಸಿಟ್ಟಿದ್ದ ಕೊಬ್ಬರಿ ಎಣ್ಣೆ!

"ನನ್ನ ಕೂದಲಿಗೆ ಒಂದು ಹನಿ ಉಳಿಸಿಲ್ಲಲ್ಲೋ ಈ ಮನುಷ್ಯ!" ಎಂದು ಅತ್ತೆ ಖಾಲಿ ಗಿಂಡಿ ಹಿಡಿದು ಏರಿಯ ಮೇಲೆಯೇ ಬೈದಳು.

ನನ್ನ ತಾಳ್ಮೆಯ ಕಟ್ಟೆಯೊಡೆಯಿತು. ಹಿರಿಯ ಎಂಬುದನ್ನೂ ನೋಡದೆ, ಜನರೆದುರಿಗೇ ಕೂಗಾಡಿದೆ. "ನಿನ್ನ ಹೊಲಕ್ಕ ನೀನ ಬೆಂಕಿ ಇಟ್ಟುಕೊಳ್ಳಾಕತ್ತೀ! ಇನ್ನೊಮ್ಮೆ ನನ್ನ ಕರೀಬ್ಯಾಡ!"

ಅವನು ತಲೆ ತಗ್ಗಿಸಿದ. "ನನಗೂ ಗೊತ್ತಾಗ್ತೈತಿ ಅಳಿಯಾ, ನೀ ಹೇಳೂದು ಖರೇ. ಆದ್ರ ಅದನ್ನ ಹಂಗ ಒಣಗಿದ್ದು ನೋಡಿದ್ರ ಕೈ ತಡಿಯಂಗಿಲ್ಲ ನೋಡು. ಏನ್ ಮಾಡ್ಲಿ?"

ಸಾಮಾನಿನ ಚೀಲ ಎತ್ತಿಕೊಂಡು ಬಸ್ಸು ಹತ್ತಿದೆ. ಅವನ ಮೇಲಿನ ಸಿಟ್ಟು ಒಂದು ಕಡೆ, ಅಷ್ಟು ದೊಡ್ಡ ಮನುಷ್ಯ ಹಾಗೆ ತಲೆ ತಗ್ಗಿಸಿದ್ದು ಒಂದು ಕಡೆ. ಎರಡೂ ದಾರಿಯುದ್ದಕ್ಕೂ ಕಾಡಿದವು.

ಕೆಲವು ದಿನ ಬಿಟ್ಟು ಅವನೇ ಶೆಡ್ಡಿಗೆ ಬಂದ. ಹಂಪಿಯಲ್ಲಿ ಯಾರದೋ ತೋಟದಿಂದ ತಂದ ಬಾಳೆಗೊನೆಯನ್ನು ಹೆಗಲಿನಿಂದ ಇಳಿಸಿ, "ಸಿಟ್ಟು ಇಳೀತೇನು?" ಎಂದ. ನಾನು ತಲೆಯೆತ್ತದೆ ಬೋಲ್ಟು ಬಿಗಿಯುತ್ತಲೇ ಇದ್ದೆ. ಪಕ್ಕದ ಟೈರಿನ ಮೇಲೆ ಕೂತ. ಆಮೇಲೆ ಶೆಡ್ಡಿನ ಬಾಗಿಲು ಕಿರುಗುಟ್ಟಿತು. ಮಾವ ನನ್ನ ಮುಖ ನೋಡಿದ, ಬಾಗಿಲು ನೋಡಿದ, ಮೆಲ್ಲಗೆ ಟೊಂಕಕ್ಕೆ ಕೈ ಹಾಕಿದ. ಗೊಟ್ಟ ಅಟ್ಟದಿಂದ ಇಳಿದು ಮತ್ತೆ ಅಲ್ಲಿ ಸೇರಿತ್ತು. ನಕ್ಕುಬಿಟ್ಟೆ. ನಗದೆ ಏನು ಮಾಡಲಿ?

ಆ ವರ್ಷದ ಚಳಿಗಾಲದಲ್ಲಿ ಅವನಿಗೆ ಜ್ವರ ಹತ್ತಿತು. ಏನು ಮಾಡಿದರೂ ಇಳಿಯಲಿಲ್ಲ. ನೋಡಲು ಹೋದಾಗ ಗಂಗತ್ತೆ ಅವನ ಅಂಗಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಟೊಂಕದಲ್ಲಿ ಗೊಟ್ಟ ಇರಲಿಲ್ಲ. ಮಿಂಚುತ್ತಿದ್ದ ಆ ಎರಡು ಬೆರಳು ಬಿಳಿಚಿ ಬಿರುಕು ಬಿಟ್ಟಿದ್ದವು. ಅದೇ ಕೈಯಿಂದ ನನ್ನ ಮುಂಗೈ ಹಿಡಿದ.

"ಕಾಲುವಿ ಯಾವಾಗ ಬಂದ್ ಮಾಡ್ತಾರ?"

"ಇನ್ನೂ ದಿನ ಐತಿ ಮಾವ. ನೀ ಮೊದ್ಲು ಏಳು."

"ಈ ಸಲ ಕರಿಯನ ಕ್ಲಚ್ಚಿಗೆ ಕೈ ಹಚ್ಚಂಗಿಲ್ಲ ಅಳಿಯಾ. ನಿನ್ನಾಣಿ. ನೀ ಮೇಲ್ಹೊಲ ಉತ್ತು ಬಾ."

"ನಿನ್ನ ಆಣಿ ನಾ ನಂಬಂಗಿಲ್ಲ" ಎಂದೆ, ನಗಿಸಲೆಂದು.

"ನೋಡ್ತಿರು ನೀ" ಎಂದ. ಅದೇ ನಮ್ಮ ಕೊನೆಯ ಮಾತು.

ಬೇಸಿಗೆಯಲ್ಲಿ ಕಾಲುವೆ ಬಂದ್ ಆಯಿತು. ಗಂಗತ್ತೆ ಕರೆಯುವ ಮೊದಲೇ ನಾನು ಕಂಪ್ಲಿಯಲ್ಲಿದ್ದೆ. ದುರುಗಪ್ಪ ತೊಗಲು ಕೊಯ್ದು ಕೈಗಿಡುತ್ತಾ, "ಈ ಸಲ ಹಿಡೀತೈತಿ ಬಿಡ್ರಿ" ಎಂದವನು, ಅಂದದ್ದಕ್ಕೆ ನಾಲಿಗೆ ಕಚ್ಚಿಕೊಂಡ. ಹೊಸ ತೊಗಲು ಬಡಿದೆ. ಊಟಕ್ಕೆ ಹೋದೆ. ಕೊಟ್ಟಿಗೆಗೆ ಬೀಗ ಹಾಕಲಿಲ್ಲ.

ಕರಿಯ ಕಾಲುವೆಗೆ ಇಳಿದ, ಒಂದೇ ಉಸಿರಿಗೆ ಆಚೆ ಹತ್ತಿದ. ಅಜ್ಜನ ಕಾಲದ ಕರಿಕೆ ಬೇರುಸಹಿತ ಮಗುಚಿ ಬಿತ್ತು. ಏರಿಯ ಮೇಲೆ ಕೂತ ಜನ ಯಾರೂ ನಗಲಿಲ್ಲ. ಕೆಲವರು ಟವಲ್ಲು ಬೀಸಿದರು. ಹೊಲದ ತುದಿಗೆ ಹೋಗಿ ನಿಲ್ಲಿಸಿ, ಇಳಿದು, ಎರಡು ಬೇಸಿಗೆಯ ಚಾಳಿಯಂತೆ ಮುಚ್ಚಳ ತೆಗೆದು ಒಳಗೆ ಬೆರಳು ಹಾಕಿದೆ.

ಒಣಗಿತ್ತು. ಒಂದು ಹನಿ ಎಣ್ಣೆಯಿಲ್ಲ.

ಮಾವ ತನ್ನ ಮಾತು ಉಳಿಸಿಕೊಂಡಿದ್ದ. ಅವತ್ತು ಅವನ ಮೇಲೆ ಬಂದಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ.